ಗುರ್ ಎನ್ನುವ ಹಕ್ಕು

ಆಶ್ರಯ ಕೇಂದ್ರದಿಂದ ತಂದ ನಾಯಿಮರಿ ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಏನು ಮಾಡಿದರೂ ಮನೆಯವರ ಕಣ್ಣಿಗೆ ತಪ್ಪಾಗಿಯೇ ಕಾಣುತ್ತದೆ. ಮಂಚದಡಿ ಸೇರಿಕೊಂಡರೆ ಎಷ್ಟು ಕರೆದರೂ ಆಚೆಗೆ ಬರುವುದಿಲ್ಲ. ಕುಕ್ಕರ್ ಕೂಗಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ. ರಾತ್ರಿಯಿಡೀ ಕುಂಯ್‌ಗುಟ್ಟಿ ಯಾರನ್ನೂ ಮಲಗಗೊಡುವುದಿಲ್ಲ. ಹಾಲುಹಲ್ಲು ಕೂಡ ಇನ್ನೂ ಬೀಳದ ಮರಿ, ತಟ್ಟೆಯ ಹತ್ತಿರ ಕೈ ಹೋದರೆ ಗುರ್ ಎನ್ನುತ್ತದೆ. ಒಬ್ಬರು ಕೋಲು ಹುಡುಕುತ್ತಾರೆ. ಇನ್ನೊಬ್ಬರು ‘ಕಂತ್ರಿ ನಾಯಿ ತಂದ್ರೆ ಹಿಂಗೇ ಆಗೋದು’ ಎನ್ನುತ್ತಾರೆ. ನಾನು ಹೇಳಬೇಕೆಂದಿರುವುದು ಇಬ್ಬರಿಗೂ. ಈ ನಡವಳಿಕೆಗಳೆಲ್ಲ ಮರಿ ತನ್ನ ಭಯವನ್ನು ನಮಗೆ ತಿಳಿಸುವ ದಾರಿಗಳು. ಆ ದಾರಿಗಳನ್ನು ಮುಚ್ಚಿಸಿ ಕೊಡುವ ತರಬೇತಿ ಮರಿಗೂ ಅಪಾಯ, ಮನೆಯ ಮಕ್ಕಳಿಗೆ ಇನ್ನೂ ಹೆಚ್ಚು ಅಪಾಯ.

ಈ ಮಾತಿಗೆ ಈಗ ಹೊಸ ತುರ್ತು ಬಂದಿದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿ ನಾಯಿಯನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು ಎಂದಿತು. ಹಾಗೆ ಪಡೆದ ನಾಯಿ ಮತ್ತೆ ಬೀದಿ ಸೇರದಂತೆ ನೋಡಿಕೊಳ್ಳುವ ಹೊಣೆಯನ್ನು ಪಡೆದವರ ಮೇಲೆಯೇ ಹೊರಿಸಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಆಶ್ರಯ ತಾಣಗಳಿಗೆ ಸಾಗಿಸಬೇಕೆಂದು ಹೇಳಿತು. ಎಂದರೆ ಆಶ್ರಯ ತಾಣಗಳಲ್ಲಿ ಮನೆಗಾಗಿ ಕಾಯುವ ಮರಿಗಳು ಹೆಚ್ಚಾಗಲಿವೆ. ತುಮಕೂರಿನ ಬಡಾವಣೆಗಳಿರಲಿ, ಗುಬ್ಬಿ-ಕುಣಿಗಲ್‌ನ ತೋಟದ ಮನೆಗಳಿರಲಿ, ವಸಂತನರಸಾಪುರದ ಕಾರ್ಖಾನೆಗಳಿಂದ ಚಹರೆಯೇ ಬದಲಾಗುತ್ತಿರುವ ಕೋರ ಹೋಬಳಿಯ ಊರುಗಳಿರಲಿ, ಮರಿ ತರುವವರು ಇದ್ದೇ ಇದ್ದಾರೆ. ತಂದ ಮೇಲೆ ಹೇಗೆ ಬೆಳೆಸಬೇಕೆಂದು ಹೇಳಿಕೊಡುವವರು ಮಾತ್ರ ಅಪರೂಪ.

ಮೊದಲು ಆ ‘ಕಂತ್ರಿ’ ಎಂಬ ದೂರನ್ನೇ ನೋಡೋಣ. ತಾಯಿ ಬೀದಿಯದು, ತಂದೆ ಯಾವ ಬೀದಿಯದೋ ಯಾವ ಕಾಂಪೌಂಡಿನದೋ. ಇಂಥ ಮರಿಯ ಸ್ವಭಾವ ಹೇಗಿರುತ್ತದೆಂದು ಹೇಳುವುದು ಹೇಗೆ, ಜಾತಿ ನಾಯಿಯಾದರೆ ಗೊತ್ತಿರುತ್ತದಲ್ಲ ಎಂಬುದು ವಾದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದನ್ನೇ ಪರೀಕ್ಷೆಗಿಟ್ಟಿತು. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಓದಿ ನೋಡಿದಾಗ, ನಾಯಿಯಿಂದ ನಾಯಿಗೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಮುಧೋಳದ ನಾಯಿಯ ಸಪೂರ ನಡು, ಉದ್ದ ಕಾಲು ತಳಿಯಿಂದ ಬಂದದ್ದು, ನಿಜ. ಆದರೆ ಅದು ನಿಮ್ಮ ಮನೆಗೆ ಬಂದ ನೆಂಟರನ್ನು ಕಂಡು ಬಾಲ ಆಡಿಸುತ್ತದೋ ಬಾಗಿಲ ಹಿಂದೆ ಅಡಗುತ್ತದೋ ಎಂಬುದನ್ನು ತಳಿಯೊಂದೇ ಹೇಳಲಾರದು. ಮಿಶ್ರ ತಳಿಯ ಮರಿಯನ್ನು ತಿಳಿಯಬೇಕಾದರೆ ಅದರ ಅಪ್ಪ ಯಾರೆಂದು ಹುಡುಕುವುದಕ್ಕಿಂತ ಅದರ ಮೊದಲ ಮೂರು ತಿಂಗಳು ಹೇಗೆ ಕಳೆಯಿತೆಂದು ಕೇಳುವುದು ಮೇಲು.

ಆ ಮೂರು ತಿಂಗಳ ಮಹತ್ವವನ್ನು ತೋರಿಸಿದ ಪ್ರಯೋಗ ಹಳೆಯದು, ಈಗಲೂ ಓದಿದರೆ ಕಳವಳವಾಗುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್ ಮತ್ತು ಸಂಗಡಿಗರು ಬೇಲಿ ಹಾಕಿದ ಬಯಲಿನಲ್ಲಿ ತಾಯಿಯ ಜೊತೆ ಮರಿಗಳನ್ನು ಬೆಳೆಸಿದರು. ಊಟ ನೀರು ಬೇಲಿಯ ಸಂದಿಯಿಂದ, ಮನುಷ್ಯರ ಸಂಪರ್ಕವೇ ಇಲ್ಲ. ಕೆಲವು ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರ ಒಡನಾಟಕ್ಕೆ ತಂದರು. 1961ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹದಿನಾಲ್ಕು ವಾರದವರೆಗೂ ಮನುಷ್ಯರನ್ನು ಕಾಣದ ಮರಿಗಳು ಕಾಡುಪ್ರಾಣಿಗಳಂತೆ ದೂರವೇ ಉಳಿದವು. ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಬಾಗಿಲು ಮರಿಗೆ ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಅಗಲವಾಗಿ ತೆರೆದಿರುತ್ತದೆ, ಆಮೇಲೆ ನಿಧಾನಕ್ಕೆ ಮುಚ್ಚುತ್ತ ಬರುತ್ತದೆ. ಆಶ್ರಯ ಕೇಂದ್ರದ ಮರಿ ಆ ಹೊತ್ತಿನ ಬಹುಪಾಲನ್ನು ಸಿಮೆಂಟ್ ನೆಲದ ಮೇಲೆ, ಹತ್ತಾರು ನಾಯಿಗಳ ಬೊಗಳಾಟದ ನಡುವೆ ಕಳೆದಿರುತ್ತದೆ. ಮಿಕ್ಸಿ, ಟಿವಿ, ಹೆಲ್ಮೆಟ್ ಹಾಕಿದ ಮುಖ, ಓಡುವ ಮಗು, ಯಾವುದನ್ನೂ ಅದು ಹತ್ತಿರದಿಂದ ಕಂಡಿಲ್ಲ. ಎರಡೂವರೆ ತಿಂಗಳಿಗೆ ನಮ್ಮ ಮನೆಗೆ ಬರುವಾಗ ಬಾಗಿಲು ಮುಚ್ಚತೊಡಗುವ ಹೊತ್ತು ಹತ್ತಿರವಾಗಿರುತ್ತದೆ.

ಇಲ್ಲಿ, ಲಸಿಕೆ ಮುಗಿಯುವ ಮುನ್ನ ಮರಿಯನ್ನು ಹೊರಗೆ ಬಿಡಬೇಡಿ ಎಂಬ ಪಶುವೈದ್ಯರ ಎಚ್ಚರಿಕೆ ಎದುರಾಗುತ್ತದೆ, ಅದು ಸರಿಯಾದುದೇ. ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆಗಳು ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೂ ಮುಂದುವರಿಯುತ್ತವೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾದರೆ ಲಸಿಕೆ ಮುಗಿಯುವವರೆಗೆ ಮರಿಯನ್ನು ಕೋಣೆಯಲ್ಲಿಟ್ಟು, ಆಮೇಲೆ ಲೋಕ ತೋರಿಸೋಣ ಎಂದರೆ ಬಾಗಿಲು ಮುಚ್ಚಿಹೋಗಿರುತ್ತದೆ. ಎರಡನ್ನೂ ಸಂಭಾಳಿಸುವ ದಾರಿ ಇದೆ: ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ಗೇಟಿನ ಬಳಿ ಹತ್ತು ನಿಮಿಷ ನಿಲ್ಲುವುದು, ಹಾಲಿನ ವ್ಯಾನು, ಟ್ರ್ಯಾಕ್ಟರು, ಶಾಲೆಯ ಮಕ್ಕಳು ಹಾದುಹೋಗುವುದನ್ನು ತೋಳಿನಲ್ಲಿದ್ದುಕೊಂಡೇ ನೋಡಲು ಬಿಡುವುದು. ಮನೆಯೊಳಗಿನ ಭಯಗಳಿಗೂ ಇದೇ ಕ್ರಮ. ಕುಕ್ಕರ್ ಸೀಟಿಯನ್ನೇ ತೆಗೆದುಕೊಳ್ಳಿ. ಮೊದಲು ಮರಿ ಅಡುಗೆಮನೆಯಿಂದ ಅತಿ ದೂರದ ಕೋಣೆಯಲ್ಲಿರಲಿ, ಬಾಗಿಲು ಮುಚ್ಚಿರಲಿ. ಸೀಟಿ ಕೇಳಿಸಿದ ಕೂಡಲೇ ಬೇಯಿಸಿದ ಮೊಟ್ಟೆಯ ಒಂದು ಚೂರು ಅದರ ಮುಂದೆ ಬೀಳಬೇಕು. ಸದ್ದು ಮೊದಲು, ತಿಂಡಿ ಆಮೇಲೆ. ಈ ಸರದಿ ತಪ್ಪಬಾರದು. ದಿನ ಕಳೆದಂತೆ ಬಾಗಿಲು ತೆರೆದು, ಅಂತರ ತಗ್ಗಿಸುತ್ತ ಬರಬೇಕು. ಮರಿ ತಿನ್ನುವುದನ್ನು ನಿಲ್ಲಿಸಿತೆಂದರೆ ನಾವು ಅವಸರ ಮಾಡಿದ್ದೇವೆಂದು ಅರ್ಥ. ಎರಡು ಹೆಜ್ಜೆ ಹಿಂದೆ ಸರಿಯಬೇಕು. ಸೀಟಿ ಕೇಳಿದ ಮರಿ ನಡುಗುವ ಬದಲು ನಮ್ಮ ಕೈ ನೋಡತೊಡಗಿದ ದಿನ ಅದರ ಮೈಯಲ್ಲೇ ವ್ಯತ್ಯಾಸ ಕಾಣುತ್ತದೆ: ಕಾಲಸಂದಿಯಲ್ಲಿದ್ದ ಬಾಲ ಹೊರಬಂದು ಸಡಿಲವಾಗುತ್ತದೆ, ಹಿಂದಕ್ಕೆ ಅಂಟಿದ್ದ ಕಿವಿ ಎದ್ದು ನಿಲ್ಲುತ್ತದೆ.

ಈಗ ತಟ್ಟೆಯ ಮುಂದಿನ ಆ ಗುರ್‌ಗುಟ್ಟುವಿಕೆಗೆ ಬರುತ್ತೇನೆ. ಅನ್ನ ಹಾಕಿದ ಕೈಗೇ ಗುರ್ ಎನ್ನುವ ನಾಯಿಯನ್ನು ಸುಮ್ಮನೆ ಬಿಟ್ಟರೆ ನಾಳೆ ಮಗುವನ್ನು ಕಚ್ಚುವುದಿಲ್ಲವೇ ಎಂಬ ಪ್ರಶ್ನೆ ಹಗುರವಾದುದಲ್ಲ. ರೇಬೀಸ್‌ನ ಭಯ ನಿಜವಾಗಿರುವ ನಾಡು ನಮ್ಮದು. ಮರಿಯ ಹಲ್ಲು ತಾಗಿ ಗೀರಾದರೂ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಆದರೆ ಕಚ್ಚುವ ಮುಂಚೆ ನಾಯಿ ಏನೇನು ಮಾಡುತ್ತದೆಂದು ಗಮನಿಸಿ. ಮೊದಲು ಮುಖ ಪಕ್ಕಕ್ಕೆ ತಿರುಗಿಸುತ್ತದೆ. ಮೂತಿ ನೆಕ್ಕಿಕೊಳ್ಳುತ್ತದೆ. ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುತ್ತದೆ. ತಿನ್ನುತ್ತಿದ್ದದ್ದು ತಟ್ಟನೆ ಕಲ್ಲಿನಂತೆ ನಿಶ್ಚಲವಾಗುತ್ತದೆ. ಇದಾವುದನ್ನೂ ನಾವು ಗಮನಿಸದಿದ್ದಾಗ ಗುರ್ ಎನ್ನುತ್ತದೆ. ಕಚ್ಚುವುದು ಅದಾದ ಮೇಲೆ. ಗುರ್ ಎಂದದ್ದಕ್ಕೆ ಏಟು ತಿಂದ ಮರಿ ಸದ್ದು ಮಾಡಬಾರದೆಂದು ಕಲಿಯಬಹುದು. ತಟ್ಟೆ ಕಸಿಯುವ ಕೈಯ ಭಯ ಮಾತ್ರ ಹಾಗೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಮುಂದೆ ಅದೇ ನಾಯಿ ಎಚ್ಚರಿಕೆಯಿಲ್ಲದೆ ಕಚ್ಚಿದಾಗ ಎಲ್ಲರೂ ‘ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು’ ಎನ್ನುತ್ತಾರೆ. ಎಚ್ಚರಿಕೆಯನ್ನು ಹೊಡೆದು ಅಳಿಸಿದವರು ನಾವೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಪ್ಪು ಮಾಡಿದ ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ 43 ಮಂದಿ ನಾಯಿ ತಿರುಗಿಬಿದ್ದದ್ದನ್ನು ಹೇಳಿದರು. ಮಗುವಿನ ಸುರಕ್ಷತೆಗಾಗಿ ಮಾಡಬೇಕಾದ್ದು ಬೇರೆ. ಮರಿ ಉಣ್ಣುವಾಗ ಮಗು ಹತ್ತಿರ ಹೋಗಬಾರದು, ಅಷ್ಟು ಖಂಡಿತ. ದೊಡ್ಡವರು ಮರಿ ಬೆದರದಷ್ಟು ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರನ್ನು ಅದರತ್ತ ಎಸೆದು, ನಿಲ್ಲದೆ ಮುಂದೆ ಹೋಗಬೇಕು. ಬರುವ ಕೈ ಕೊಡುವ ಕೈ ಎಂದು ಮರಿಗೆ ಖಾತ್ರಿಯಾದ ಮೇಲೆ ಗುರ್ ಎನ್ನಲು ಕಾರಣವೇ ಉಳಿಯುವುದಿಲ್ಲ.

‘ದಂಡಂ ದಶಗುಣಂ’ ಎನ್ನುವವರು ಇಷ್ಟಕ್ಕೆ ಒಪ್ಪುವುದಿಲ್ಲ. ಅವರ ವಾದಕ್ಕೆ ಪೇಟೆಯಲ್ಲಿ ಈಗ ವಿಜ್ಞಾನದ ವೇಷವೂ ಸಿಕ್ಕಿದೆ: ನಾಯಿ ತೋಳದ ಕುಲ, ಹಿಂಡಿಗೊಬ್ಬ ನಾಯಕ ಬೇಕು, ಯಜಮಾನ ತಾನೆಂದು ತೋರಿಸಲು ಮರಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯಬೇಕು. ಈ ಕಲ್ಪನೆ ಬಂದದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಮೃಗಾಲಯದ ತೋಳಗಳನ್ನು ಕುರಿತ ಅಧ್ಯಯನದಿಂದ. ಒಂದಕ್ಕೊಂದು ಸಂಬಂಧವಿಲ್ಲದ ಪ್ರಾಣಿಗಳು ಒಂದೇ ಆವರಣದಲ್ಲಿ ಕಚ್ಚಾಡುತ್ತಿದ್ದ ಸ್ಥಿತಿ ಅದು. ಅದನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಬಳಿಕ, ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರವಷ್ಟೇ ಎಂದು 1999ರಲ್ಲಿ ಬರೆದು ತಿದ್ದಿಕೊಂಡರು. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಬಂದ ಅಧ್ಯಯನ, ಗದರಿ ಎಳೆದಾಡಿ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಹಾರ್ಮೋನು ಪಾಠವಾದ ಮೇಲೆ ಏರುವುದನ್ನು ಅಳೆದು ತೋರಿಸಿತು. ದೂರದ ಸಾಕ್ಷಿ ಬೇಡವೆನ್ನುವವರು ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಬರುವ ರೈತರನ್ನು ಕೇಳಬಹುದು. ಎಳೆ ಹೋರಿಯನ್ನು ಪಳಗಿಸುವವರು ಮೈ ತಿಕ್ಕಿ, ಗಂಗೆದೊಗಲು ನೀವಿ, ಅನುಭವಿ ಎತ್ತಿನ ಜೋಡಿಯಾಗಿ ನೊಗಕ್ಕೆ ಒಗ್ಗಿಸುತ್ತಾರೆ. ಬೆದರಿದ ಹೋರಿ ಜನ್ಮದಲ್ಲಿ ನೆಟ್ಟಗೆ ಗಾಡಿ ಎಳೆಯದೆಂದು ಅವರಿಗೆ ಗೊತ್ತು. ಹೋರಿಗೆ ತೋರುವ ಈ ತಿಳಿವಳಿಕೆ ನಾಯಿಮರಿಗೂ ಸಲ್ಲಬೇಕು.

ತಿಂಡಿ ಕೊಟ್ಟು ಕಲಿಸುವುದು ಲಂಚವಲ್ಲವೇ ಎಂದೂ ಕೇಳುತ್ತಾರೆ. ಕೆಲಸಕ್ಕೆ ಮುಂಚೆ ಕೊಟ್ಟು ಓಲೈಸುವುದು ಲಂಚ. ಕೆಲಸವಾದ ಮೇಲೆ ಕೊಡುವುದು ಕೂಲಿ. ಮರಿಗೆ ಮಲಮೂತ್ರದ ಅಭ್ಯಾಸ ಮಾಡಿಸುವುದರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಮರಿ ನೆಲ ಮೂಸುತ್ತ ಸುತ್ತತೊಡಗುತ್ತದೆ. ಆಗಲೇ ಹಿತ್ತಲಿಗೆ ಒಯ್ದು, ಮುಗಿಸಿದ ತಕ್ಷಣ ಅಲ್ಲೇ ಒಂದು ಚೂರು ಕೊಟ್ಟರೆ ಜಾಗ ಮನಸ್ಸಿನಲ್ಲಿ ಕೂರುತ್ತದೆ. ನಡುಮನೆಯಲ್ಲಿ ಆದದ್ದಕ್ಕೆ ಮೂತಿ ತಂದು ಉಜ್ಜಿದರೆ, ನಮ್ಮ ಕಣ್ಣೆದುರು ಮಾಡಬಾರದೆಂಬುದೊಂದನ್ನೇ ಅದು ಕಲಿತು ಸೋಫಾದ ಹಿಂದೆ ಮಾಡುತ್ತದೆ. ಇನ್ನು ತಿಂಡಿಯೇ ಎಲ್ಲವೂ ಅಲ್ಲ. ಕೋಲ್ಕತ್ತಾದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿ ನಾಯಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತರ ಮೇಲೆ ನಂಬಿಕೆ ಬೆಳೆಸಲು ಪದೇ ಪದೇ ತಿಂಡಿ ಕೊಟ್ಟದ್ದಕ್ಕಿಂತ ತಲೆ ನೇವರಿಸಿದ್ದೇ ಹೆಚ್ಚು ಕೆಲಸ ಮಾಡಿತು. ಆ ಬೀದಿ ನಾಯಿಗಳ ಮಕ್ಕಳೇ ನಮ್ಮ ಆಶ್ರಯ ಕೇಂದ್ರದ ಮರಿಗಳು.

ಹಳ್ಳಿಯಲ್ಲಿ ನಾಯಿಗೆ ಯಾರು ತರಬೇತಿ ಕೊಟ್ಟಿದ್ದರು, ಮುದ್ದೆ ಹಾಕಿದರೆ ತಾನಾಗಿ ಬೆಳೆಯುತ್ತಿರಲಿಲ್ಲವೇ ಎಂಬುದು ಹಿರಿಯರ ಮಾತು. ಬೆಳೆಯುತ್ತಿತ್ತು, ಏಕೆಂದರೆ ಆ ಮರಿ ತಾಯಿಯ ಜೊತೆ ಇಡೀ ಬೀದಿಯನ್ನು ಕಂಡು, ಹೆದರಿದಾಗ ಓಡಿಹೋಗುವ ಅವಕಾಶವಿಟ್ಟುಕೊಂಡೇ ಮನುಷ್ಯರನ್ನು ಕಲಿಯುತ್ತಿತ್ತು. ಗೇಟು, ಸರಪಳಿ, ನಾಲ್ಕು ಗೋಡೆಗಳ ನಡುವೆ ಆ ಅವಕಾಶವಿಲ್ಲ. ಜೊತೆಗೆ, ಬೆಳೆದವು ನಮ್ಮ ನೆನಪಿನಲ್ಲಿ ಉಳಿದವು, ಸತ್ತವು ಉಳಿಯಲಿಲ್ಲ. ಅದೇ ಕೋಲ್ಕತ್ತಾದ ತಂಡ ಬೀದಿಯಲ್ಲಿ ಹುಟ್ಟಿದ 364 ಮರಿಗಳನ್ನು ಗಮನಿಸಿದಾಗ ಪ್ರಾಯಕ್ಕೆ ಬಂದವು ಶೇ 19 ಮಾತ್ರ. ನಾಯಿಯನ್ನು ಗೌರವಿಸಿದ ಪರಂಪರೆ ನಮಗಿಲ್ಲವೆಂದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಕಲ್ಲೊಂದು ಕಾಳಿ ಎಂಬ ನಾಯಿಯ ಹೆಸರು ಉಳಿಸಿತು. ರಾಷ್ಟ್ರಕೂಟರ ಮೂರನೇ ಕೃಷ್ಣನಿಂದ ಮಣಲೇರ ಎಂಬ ವೀರ ಬಹುಮಾನವಾಗಿ ಬೇಡಿದ್ದು ಆ ನಾಯಿಯನ್ನು. ಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿ, ನಿತ್ಯಪೂಜೆಗೆ ಭೂಮಿ ಬಿಡಲಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಠಿಣ ಕಾಲ ಬರುತ್ತದೆ, ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎಂಟು ತಿಂಗಳ ಹೊತ್ತಿಗೆ, ಕೂರು ಎಂದರೆ ಕೂರುತ್ತಿದ್ದ ನಾಯಿ ಕಿವುಡಾದಂತೆ ಆಡುತ್ತದೆ. ಬ್ರಿಟನ್‌ನಲ್ಲಿ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಇದನ್ನು ಅಳೆದರು: ಐದನೇ ತಿಂಗಳಲ್ಲಿ ಕೇಳುತ್ತಿದ್ದ ನಾಯಿಗಳು ಎಂಟನೇ ತಿಂಗಳಲ್ಲಿ ತಮ್ಮ ಮನೆಯವರ ಮಾತನ್ನೇ ಹೆಚ್ಚು ಮೀರಿದವು, ಅಪರಿಚಿತರ ಮಾತನ್ನು ಅಷ್ಟು ಮೀರಲಿಲ್ಲ. ‘ಬುದ್ಧಿ ಕಲೀಲಿಲ್ಲ’ ಎಂದು ನಾಯಿಯನ್ನು ಊರಾಚೆ ಬಿಟ್ಟುಬರುವ ಯೋಚನೆ ಸುಲಭವಾಗಿ ಮೂಡುವ ವಯಸ್ಸು ಇದೇ. ಆಗ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ಮೊದಲು ಕಲಿಸಿದ್ದನ್ನೇ ಅದೇ ದನಿಯಲ್ಲಿ, ಅದೇ ಕೂಲಿ ಕೊಟ್ಟು ಮುಂದುವರಿಸಬೇಕು, ಸಂತಾನಹರಣ ಚಿಕಿತ್ಸೆಯ ವೇಳೆಯನ್ನು ಪಶುವೈದ್ಯರೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಅದೇ ಅಧ್ಯಯನದಲ್ಲಿ ಹನ್ನೆರಡನೇ ತಿಂಗಳ ಹೊತ್ತಿಗೆ ಹೆಚ್ಚಿನ ನಾಯಿಗಳು ಮತ್ತೆ ಮಾತು ಕೇಳತೊಡಗಿದ್ದವು.