ಕಚ್ಚೆಯವರೂ ಲುಂಗಿಯವರೂ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳನ್ನು ಕೆಂಪು ಬಸ್ಸಿನಲ್ಲಿ ಸುತ್ತಿ ಬಂದವರಿಗೆ ಇವು ಒಂದೇ ಜಿಲ್ಲೆಯ ಊರುಗಳೇ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. 1997ರಲ್ಲಿ ಹೊಸ ಜಿಲ್ಲೆ ಹುಟ್ಟಿದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯ ಮಗ್ಗುಲಿಂದ ಎದ್ದು ಈಚೆಗೆ ತಾಲ್ಲೂಕಾದದ್ದು. ಒಂದು ಕಡೆ ಅಡಿಕೆ ತೋಟದ ತಂಪು, ಇನ್ನೊಂದು ಕಡೆ ತುಂಗಭದ್ರೆಯ ದಂಡೆಯ ಗದ್ದೆ, ಮತ್ತೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಹೊಲ. ಮಣ್ಣು ಬೇರೆ, ಮಾತಿನ ಧಾಟಿ ಬೇರೆ. ಆದರೆ ನಾಲ್ಕೂ ಕಡೆ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ಕೂತು ನೋಡಿ. ನಡುವಯಸ್ಸು ದಾಟಿದ ಗಂಡಸರಲ್ಲಿ ಹಲವರ ಸೊಂಟಕ್ಕೆ ಇನ್ನೂ ಹೊಲಿಗೆಯಿಲ್ಲದ ಬಟ್ಟೆಯೇ ಆಧಾರ!

ಬಟ್ಟೆ ಒಂದೇ ಎಂದೆವಲ್ಲ, ಉಡುವವರ ಮನಸ್ಸು ಮಾತ್ರ ಒಂದೇ ಅಲ್ಲ.

ಉಟ್ಟವರಿಗೆ ಒಂದೊಂದು ನ್ಯಾಯ

ಚನ್ನಗಿರಿಯ ಅಡಿಕೆ ಸೀಮೆಗೆ ಹೋದರೆ ಕೆಲಸವೇ ಉಡುಗೆಯನ್ನು ನಿರ್ಧರಿಸುವುದು ಕಾಣುತ್ತದೆ. ಅಡಿಕೆ ಬೇಯಿಸಿದ ಚೊಗರು ಬಿಳಿಯ ಬಟ್ಟೆಗೆ ತಾಗಿದರೆ ಅಗಸರ ಬಂಡೆಗೂ ಹೋಗದ ಕಲೆ. ಹೀಗಾಗಿ ಕೊಯ್ಲಿನ ದಿನಗಳಲ್ಲಿ ಹಂಡೆಯ ಮುಂದೆ ನಿಂತವರಿಗೆ ಗಾಢ ಬಣ್ಣದ ಲುಂಗಿಯೇ ಸರಿ. ಅದೇ ಮನುಷ್ಯ ಅಡಿಕೆ ಮಂಡಿಗೆ ಲೆಕ್ಕ ಮಾಡಲು ಹೊರಟಾಗ ಎಂಟು ಮೊಳದ ಬಿಳಿ ಪಂಚೆ ಹೊರಬರುತ್ತದೆ, ಹೆಗಲಿಗೊಂದು ಟವೆಲ್ಲು. ಹೊನ್ನಾಳಿಯ ಗದ್ದೆಯ ಕೆಸರಿನಲ್ಲಿ ಪಂಚೆ ಮೊಣಕಾಲಿನ ಮೇಲಕ್ಕೆ ಏರುತ್ತದೆ. ಪಟ್ಟಾಪಟ್ಟಿ ಚಡ್ಡಿ ಅರ್ಧ ಇಣುಕಿದರೂ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿರಿಯರು ಎದುರಾದರೆ ಮಾತ್ರ ಎತ್ತಿ ಕಟ್ಟಿದ ಬಟ್ಟೆ ಸರ್ರನೆ ಕೆಳಗಿಳಿಯುತ್ತದೆ. ಯಾವ ಶಾಲೆಯೂ ಕಲಿಸದ ಮರ್ಯಾದೆ ಅದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರು ಹುಟ್ಟಿದ ನೆಲ. ಫೆಬ್ರುವರಿಯ ಜಯಂತಿಗೆ ಸೇರುವ ಜನಸಾಗರದಲ್ಲಿ ಹಿರಿಯ ಲಂಬಾಣಿಗರ ಬಿಳಿ ಧೋತರ, ರುಮಾಲು ಒಂದು ಕಡೆ. ಅವರ ಮೊಮ್ಮಕ್ಕಳ ಜೀನ್ಸು ಇನ್ನೊಂದು ಕಡೆ. ಜಗಳೂರಿನ ಕಡೆ ಹೋದಂತೆ ಬಳ್ಳಾರಿ ಸೀಮೆಯ ಗಾಳಿ ಮಾತಿನಲ್ಲೂ ಬೀಸುತ್ತದೆ. ಕುರಿ ಕಾಯುವವರ ಹೆಗಲಿಗೆ ಕರಿಯ ಕಂಬಳಿ, ಸೊಂಟಕ್ಕೆ ಮಣ್ಣಿನ ಬಣ್ಣಕ್ಕೆ ತಿರುಗಿದ ಬಟ್ಟೆ. ಅದನ್ನು ಬಿಳಿಯಾಗಿ ಇಡುವ ಹಟ ಯಾರಿಗೂ ಇಲ್ಲ, ಅಷ್ಟು ನೀರಾದರೂ ಎಲ್ಲಿದೆ?

ಇನ್ನು ಅಭಿಪ್ರಾಯಗಳ ಮಾತು. ಕಚ್ಚೆ ಹಾಕಿ ಉಡುವವರ ಕಣ್ಣಿಗೆ ಸುತ್ತು ಪಂಚೆ ಸೋಮಾರಿಗಳ ಉಡುಗೆ. ಸುತ್ತು ಪಂಚೆಯವರಿಗೆ ಲುಂಗಿ ಮನೆಯ ಜಗುಲಿ ದಾಟಬಾರದ ಬಟ್ಟೆ. ಲುಂಗಿಯವರು ಇವರಿಬ್ಬರನ್ನೂ ನೋಡಿ ನಗುತ್ತಾರೆ. ಸಂತೆಯ ದಿನ ಕಚ್ಚೆ ಹಾಕಿ ಬಂದವರಿಗೆ ‘ಏನ್ ಯಜಮಾನ್ರೇ, ಮದ್ವಿಗೆ ಹೊಂಟ್ರಾ?’ ಎಂಬ ಪ್ರಶ್ನೆ ತಪ್ಪದು. ‘ನಿನ್ ಲುಂಗಿ ನೋಡಿದ್ರೆ ಈಗ ಹಾಸಿಗೆಯಿಂದ ಎದ್ದು ಬಂದಂಗೈತೆ’ ಎಂಬ ಉತ್ತರವೂ ತಪ್ಪದು. ಈಚೆಗೆ ಪಟ್ಟಿ ಅಂಟಿಸಿ ಬಿಗಿಯುವ, ಜೇಬಿರುವ ಸಿದ್ಧ ಪಂಚೆ ಬಂದಿದೆ. ಗಂಟು ಹಾಕಲು ಬಾರದವರ ಪಾಲಿಗೆ ಅದು ವರ, ಅಜ್ಜಂದಿರ ಪಾಲಿಗೆ ಅದು ಪಂಚೆಯೇ ಅಲ್ಲ! ಕಾಲೇಜಿನ ‘ಎಥ್ನಿಕ್ ಡೇ’ಗೆ ಮೊಮ್ಮಗ ಅದನ್ನು ಉಟ್ಟು ಫೋಟೋ ತೆಗೆಸಿಕೊಂಡರೆ, ದಿನಾ ಉಡುವ ಅಜ್ಜನಿಗೆ ಅದೊಂದು ವೇಷ.

ಲುಂಗಿಗೆ ಇನ್ನೊಂದು ಮುಳ್ಳೂ ಚುಚ್ಚಿಕೊಂಡಿದೆ. ಚೌಕುಳಿ ಲುಂಗಿ ಕಂಡೊಡನೆ ಜಾತಿ, ಮತ ಹುಡುಕುವ ಕಣ್ಣುಗಳು ಇಲ್ಲದಿಲ್ಲ. ಆದರೆ ಅಡಿಕೆಯ ಖೇಣಿ ಮಾತು ಮುಗಿಸುವಾಗ ಬಿಳಿ ಪಂಚೆಯವರೂ ಚೌಕುಳಿ ಲುಂಗಿಯವರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾರೆ. ವ್ಯಾಪಾರಕ್ಕೆ ಬೇಕಾದದ್ದು ನಂಬಿಕೆ, ಅಂಚಿನ ಬಣ್ಣವಲ್ಲ.

ಸ್ಕಾಟ್ಲೆಂಡಿನಲ್ಲೂ ಇದೇ ಕಥೆ

ಇದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ‘ಕಿಲ್ಟ್’ ಗೊತ್ತಲ್ಲ? ದಂಗೆಯನ್ನು ಅಡಗಿಸಿದ ಬ್ರಿಟಿಷ್ ಸರ್ಕಾರ 1746ರಲ್ಲಿ ಕಾನೂನು ಮಾಡಿ ಗುಡ್ಡಗಾಡಿನವರ ಈ ಉಡುಗೆಯನ್ನೇ ನಿಷೇಧಿಸಿತ್ತು. 1782ರಲ್ಲಿ ನಿಷೇಧ ಹೋಯಿತು. 1822ರಲ್ಲಿ ಎಡಿನ್‌ಬರೋಗೆ ಬಂದ ದೊರೆ ನಾಲ್ಕನೆಯ ಜಾರ್ಜ್ ತಾನೇ ಅದನ್ನು ಉಟ್ಟು ಮೆರೆದ! ಈಗ ಅಲ್ಲಿಯೂ ಎರಡು ಪಂಗಡ. ಮನೆತನದ ಚೌಕುಳಿ, ಸೊಂಟದ ಚೀಲ, ಕಾಲುಚೀಲ ಎಲ್ಲ ಕ್ರಮಬದ್ಧವಾಗಿದ್ದರೆ ಮಾತ್ರ ಕಿಲ್ಟ್ ಎನ್ನುವವರು ಒಂದು ಕಡೆ. ಬೂಟಿನ ಮೇಲೆ ಒಂದೇ ಬಣ್ಣದ್ದನ್ನು ಉಟ್ಟು ಕೆಲಸಕ್ಕೂ ಹೋಗುತ್ತೇವೆ ಎನ್ನುವವರು ಇನ್ನೊಂದು ಕಡೆ. ನಮ್ಮ ಸಂತೆಯ ಕಟ್ಟೆಯ ಜಗಳವೇ, ಭಾಷೆ ಬೇರೆ ಅಷ್ಟೆ.

ಬಾಗಿಲಲ್ಲಿ ನಿಂತವರು

ಪಂಚೆಯವರ ಒಳಜಗಳ ನಗೆಯಲ್ಲಿ ಮುಗಿಯುತ್ತದೆ. ನಗೆ ನಿಲ್ಲುವುದು ಒಬ್ಬರ ಅಭಿರುಚಿ ಇನ್ನೊಬ್ಬರಿಗೆ ಬಾಗಿಲು ಮುಚ್ಚಿದಾಗ. 2014ರ ಜುಲೈನಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದು ಪಂಚೆಯುಟ್ಟು ಬಂದ ಹೈಕೋರ್ಟ್ ನ್ಯಾಯಾಧೀಶರನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ಇಂಥ ತಡೆಯ ವಿರುದ್ಧ ಕಾನೂನು ಮಾಡಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನಲ್ಲಿ ಮಗನೊಡನೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆಯ ಕಾರಣಕ್ಕೆ ಕಾವಲುಗಾರರು ತಡೆದರು. ಅವರು ಹಾವೇರಿ ಜಿಲ್ಲೆಯವರು, ಅಂದರೆ ಹೊನ್ನಾಳಿಯ ನೆರೆಹೊರೆಯವರೇ. ರೈತ ಸಂಘಟನೆಗಳು ಸಿಟ್ಟಿಗೆದ್ದವು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. 1996ರಲ್ಲಿ ಪಂಚೆಯುಟ್ಟ ದೇವೇಗೌಡರನ್ನು ಪ್ರಧಾನಿಯಾಗಿ ಕಂಡ ನಾಡಿನಲ್ಲಿ ಹೀಗಾಯಿತು!

ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ನಮ್ಮ ಬಾಗಿಲಿಗೂ ಬರಬೇಡವೇ? ಪಂಚೆಗಾಗಿ ಬೀದಿಗಿಳಿದ ಊರಿನಲ್ಲಿ ಲುಂಗಿಯುಟ್ಟವನನ್ನು ಸಮಾರಂಭದ ಹಿಂದಿನ ಸಾಲಿಗೆ ಕಳಿಸಿದರೆ, ಚಡ್ಡಿ ತೊಟ್ಟು ಬಂದ ಹುಡುಗನಿಗೆ ಸಂಸ್ಕೃತಿಯ ಪಾಠ ಹೇಳಿದರೆ, ನಾವೂ ಕಾವಲುಗಾರರ ಕೆಲಸವನ್ನೇ ಮಾಡಿದಂತೆ. ದೇವಸ್ಥಾನದ ನಿಯಮದ ಮಾತು ಬೇರೆ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ತೆಗೆಯುತ್ತಾರೆ, ಗುರುವಾಯೂರಿನಲ್ಲಿ ಮುಂಡು ಉಡುತ್ತಾರೆ. ಅಲ್ಲಿ ಬಡವ ಬಲ್ಲಿದನೆನ್ನದೆ ಎಲ್ಲ ಗಂಡಸರಿಗೂ ಒಂದೇ ನಿಯಮ. ಮಾಲ್‌ನ ಬಾಗಿಲಲ್ಲಿ ಅಳೆದದ್ದು ಬಟ್ಟೆಯನ್ನಲ್ಲ, ಜೇಬನ್ನು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಗಾದೆ. ನಾಲ್ಕು ಜನ ಮೆಚ್ಚುವಂತೆ ಉಡು ಎಂಬುದು ಅದರ ಬುದ್ಧಿವಾದ. ಆ ನಾಲ್ಕು ಜನ ಯಾರೆಂಬುದೇ ಪ್ರಶ್ನೆ. ಈ ಊರುಗಳಲ್ಲಿ ಆ ನಾಲ್ವರಲ್ಲಿ ಒಬ್ಬ ಕಚ್ಚೆಯವನು, ಒಬ್ಬ ಲುಂಗಿಯವನು, ಒಬ್ಬ ಪ್ಯಾಂಟಿನವನು, ಇನ್ನೊಬ್ಬ ಕಂಬಳಿ ಹೊದ್ದವನು. ಅವರು ಒಬ್ಬರನ್ನೊಬ್ಬರು ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬಸ್ಸಿನ ಸೀಟಿನಲ್ಲಿ ಮಾತ್ರ ಒಬ್ಬರಿಗೊಬ್ಬರು ಸರಿದು ಜಾಗ ಕೊಡುತ್ತಾರೆ. ಜಗಳೂರಿನ ಬಸ್ಸು ಹತ್ತುವವರು ಗಮನಿಸಿ ನೋಡಬಹುದು.