ಬಾಡಿಗೆಯ ಕಾರಿನಲ್ಲಿ ಒಂದು ದಿನ

ಕಾರು ಉಳ್ಳವರಿಗೆ ಪ್ರವಾಸದ ಸುಖ ತಿಳಿಯದೆಂಬುದು ನನ್ನ ಬಹುದಿನದ ಸಿದ್ಧಾಂತ. ದಿನಕ್ಕಿಷ್ಟು ಎಂದು ಹಣ ತೆತ್ತು, ರಾತ್ರಿ ಒಂಬತ್ತಕ್ಕೆ ಹಿಂದಿರುಗಿಸುವ ಕರಾರಿಗೆ ರುಜು ಹಾಕಿ ಪಡೆದ ಕಾರಿನಲ್ಲಿ ಪ್ರತಿಯೊಂದು ಮೈಲಿಗೂ ಬೆಲೆಯುಂಟು. ಕಳೆದ ಆಶ್ವಯುಜದ ಒಂದು ಭಾನುವಾರ ನಸುಕಿನಲ್ಲಿ ನಾವು ನಾಲ್ವರು ಉಪನ್ಯಾಸಕರು ಅಂಥದೊಂದು ಕಾರಿನಲ್ಲಿ ದಾವಣಗೆರೆಯಿಂದ ಹೊರಟೆವು. ಗಣಿತದವರು ಚಾಲಕರು, ಇತಿಹಾಸದವರು ಮಾರ್ಗದರ್ಶಿಗಳು, ಅರ್ಥಶಾಸ್ತ್ರದವರು ಜಗಳೂರಿನ ಕಡೆಯವರು, ಕನ್ನಡದವನಾದ ನಾನು ಬುತ್ತಿಯ ಪಾಲಕ.

ಒಂದೇ ದಿನದಲ್ಲಿ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳನ್ನು ಸುತ್ತುವುದೆಂದರೆ ಬುದ್ಧಿವಂತರು ನಗುತ್ತಾರೆ. ಇವು ಒಂದಕ್ಕೊಂದು ಹೊಂದುವ ಊರುಗಳೇ ಅಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗದ ಒಣನೆಲದಿಂದ ಜಗಳೂರೂ ಶಿವಮೊಗ್ಗೆಯ ಹಸುರಿನಿಂದ ಚನ್ನಗಿರಿ, ಹೊನ್ನಾಳಿಗಳೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಹೀಗೆ ಎರಡು ಬಣ್ಣದ ಬಟ್ಟೆಯನ್ನು ಹೊಲಿದು ಮಾಡಿದ ಕೌದಿಯ ಮೇಲೆ ನಮ್ಮ ಪ್ರಯಾಣ. ಆದರೆ ಜಗಳೂರಿಗೆ ಮೊದಲು ಹೋಗಲೇಬೇಕಾದ ಕಾರಣವಿತ್ತು. ಅರ್ಥಶಾಸ್ತ್ರದ ಮಿತ್ರರು ತಮ್ಮ ನಾಲ್ಕೆಕರೆ ಹೊಲವನ್ನು ಮಾರುವ ಮಾತಿನಲ್ಲಿದ್ದರು. ಕೊಳ್ಳುವವನಿಗೆ ಅಂದು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಹೇಳುವ ಮುನ್ನ ಒಮ್ಮೆ ನೋಡಿ ಬರೋಣವೆಂದರು.

ಜಗಳೂರಿನ ನೆಲ ಮುಖಸ್ತುತಿ ಮಾಡುವ ನೆಲವಲ್ಲ. ಕುರುಚಲು ಗುಡ್ಡ, ಮೆಕ್ಕೆಜೋಳದ ಹೊಲ, ದೂರಕ್ಕೆ ರಂಗಯ್ಯನದುರ್ಗದ ಕಾಡು. ನಾಲ್ಕು ಕೊಂಬಿನ ಕೊಂಡುಕುರಿಗಾಗಿ ಆ ಕಾಡನ್ನು 2011ರಲ್ಲಿ ವನ್ಯಧಾಮವೆಂದು ಸಾರಿದರು. ಕೊಂಡುಕುರಿ ನಮಗೆ ದರ್ಶನ ಕೊಡಲಿಲ್ಲ. ನಾಚಿಕೆಯ ಪ್ರಾಣಿಯಂತೆ, ಕ್ಷಮಿಸಿದೆವು.

ಹೊಲದ ಬದುವಿನ ಮೇಲೆ ಮಿತ್ರರು ಬಹಳ ಹೊತ್ತು ನಿಂತರು. ಮೂರು ಕೊಳವೆಬಾವಿ ತೋಡಿಸಿ ಮೂರರಲ್ಲೂ ಧೂಳೆದ್ದ ಹೊಲವದು. ಅವರ ಅಜ್ಜಿ ಕೈಯ ಚಿನ್ನದ ಬಳೆಗಳನ್ನು ಮಾರಿ ಕೊಂಡದ್ದರಿಂದ ಅದಕ್ಕೆ ‘ಬಳೆಹೊಲ’ವೆಂದು ಹೆಸರು. ನಲವತ್ತು ವರ್ಷ ಆ ಹೊಲವನ್ನು ಕೇಳುವವರಿರಲಿಲ್ಲ. ಈಗ ತುಂಗಭದ್ರೆಯ ನೀರನ್ನು ಹರಿಹರದ ಬಳಿಯಿಂದ ಎತ್ತಿ ಈ ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಕೆರೆಗೆ ನೀರು ಬಂದ ಬೆನ್ನಿಗೇ ಕೊಳ್ಳುವವರೂ ಬಂದಿದ್ದಾರೆ. “ನೀರಿಲ್ಲದಾಗ ಸಾಕಿದೆವು, ನೀರು ಬಂದಾಗ ಮಾರುತ್ತಿದ್ದೇವೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ಸೂತ್ರವಿರಬೇಕು” ಎಂದು ಅವರು ನಕ್ಕರು. ಮಗಳ ಓದಿನ ಸಾಲ ಅವರ ತಲೆಯ ಮೇಲಿತ್ತು; ನಾವು ಯಾರೂ ಬುದ್ಧಿ ಹೇಳಲಿಲ್ಲ.

ದಾವಣಗೆರೆಗೆ ಮರಳಿ ದಕ್ಷಿಣಕ್ಕೆ ತಿರುಗಿ ಸಂತೆಬೆನ್ನೂರನ್ನು ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಇಲ್ಲಿಯ ಪುಷ್ಕರಣಿಯನ್ನು ನೋಡದವರು ಪಾಪಿಗಳೆಂದು ಇತಿಹಾಸದವರ ಮತ. ಪಾಳೆಯಗಾರ ಹನುಮಪ್ಪನಾಯಕ ಕಟ್ಟಿಸಿದ ಈ ಕೊಳದ ನಾಲ್ಕು ಕಡೆಯೂ ಮೆಟ್ಟಿಲು, ನಡುನೀರಿನಲ್ಲಿ ವಸಂತಮಂಟಪ, ದಡದಲ್ಲಿ ಮುಸಾಫಿರ್‌ಖಾನೆಯೆಂಬ ಗಂಭೀರವಾದ ಕಲ್ಲುಕಟ್ಟಡ. ಅದು ಬಿಜಾಪುರದ ಸರದಾರ ರಣದುಲ್ಲಾಖಾನನ ಕಾಲದ್ದು. ಸಂತೆಬೆನ್ನೂರಿನ ನಾಯಕರು ಮುಂದೆ ತರೀಕೆರೆಗೆ ಹೋಗಿ ನೆಲೆಸಿದರು. ಕಟ್ಟಿದವರೂ ಇಲ್ಲ, ಕಸಿದವರೂ ಇಲ್ಲ. ಮೆಟ್ಟಿಲ ಮೇಲೆ ಒಬ್ಬ ಹುಡುಗ ಕುಳಿತು ಇಂಗ್ಲಿಷ್ ಪದಗಳನ್ನು ಉರುಹೊಡೆಯುತ್ತಿದ್ದ.

ಅಲ್ಲಿಂದ ಸೂಳೆಕೆರೆ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಹರಿದ್ರಾ ನದಿಯನ್ನು ತಡೆದಿದ್ದಾರೆ. ಏರಿ ಚಿಕ್ಕದು, ನೀರು ಮಾತ್ರ ಕಣ್ಣಿಗೆ ನಿಲುಕದಷ್ಟು: ಸುಮಾರು 6,550 ಎಕರೆ. ಏಳೆಂಟು ಶತಮಾನಗಳಿಂದ ಆ ಏರಿ ನಿಂತಿದೆ. ಅದರ ಸ್ಥಳ ನಿರ್ಣಯ ಮಾಡಿದ ಕಣ್ಣು ಎಂಥ ಕಣ್ಣಿರಬೇಕು! ಏಷ್ಯಾದಲ್ಲಿ ಎರಡನೆಯ ದೊಡ್ಡ ಕೆರೆಯೆಂದು ಮಂಡಕ್ಕಿಯವನು ಹೇಳಿದ. ಗಣಿತದವರು, “ಅಳೆದವರು ಯಾರು?” ಎಂದು ಕೇಳಿ ಮಂಡಕ್ಕಿಯ ಅಳತೆಯಲ್ಲಿ ನಷ್ಟಪಟ್ಟರು. ಏರಿಯ ಎರಡು ತೂಬುಗಳಿಂದ ಸಿದ್ಧನಾಲೆ, ಬಸವನಾಲೆಗಳು ಹೊರಟು ಕೆಳಗಿನ ಗದ್ದೆಗಳನ್ನು ಸಾಕುತ್ತವೆ.

ಈಗ ಒಂದು ತಪ್ಪೊಪ್ಪಿಗೆ. ತರಗತಿಯಲ್ಲಿ ಈ ಕೆರೆಯ ಪ್ರಸ್ತಾಪ ಬಂದಾಗಲೆಲ್ಲ ನಾನು ‘ಶಾಂತಿಸಾಗರ’ವೆಂದೇ ಹೇಳಿದವನು. ಸರಕಾರಿ ಹಲಗೆಗಳೂ ಹಾಗೆಯೇ ಹೇಳುತ್ತವೆ. ಆದರೆ ಐತಿಹ್ಯ ಹೇಳುವುದು ಬೇರೆ. ಇಲ್ಲಿ ಸ್ವರ್ಗವತಿಯೆಂಬ ಪಟ್ಟಣವಿತ್ತಂತೆ. ಅರಸನ ಮಗಳು ಶಾಂತವ್ವೆ ತನ್ನ ಮೇಲೆ ಬಂದ ಕಳಂಕವನ್ನು ತೊಳೆಯಲು ಕೆರೆ ಕಟ್ಟಿಸಹೊರಟಳಂತೆ. ಬೇಕಾದ ನೆಲ ವೇಶ್ಯೆಯರದು. ಅವರು ಹಣ ಕೇಳಲಿಲ್ಲ. ಕೆರೆಗೆ ತಮ್ಮ ಹೆಸರಿರಬೇಕೆಂಬ ಒಂದೇ ಕರಾರಿನ ಮೇಲೆ ನೆಲವನ್ನು ಬಿಟ್ಟುಕೊಟ್ಟರು. ಶಾಂತವ್ವೆ ಒಪ್ಪಿದಳು. ಅರಸುಮಗಳು ಒಪ್ಪಿದ ಮಾತನ್ನು ಎಂ.ಎ. ಮಾಡಿದ ನಾನು ಹತ್ತು ವರ್ಷ ಪ್ರತಿದಿನವೂ ಮುರಿದಿದ್ದೆ! ಹನ್ನೆರಡನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯನ್ನು ಪಾಠ ಮಾಡುವಾಗಲೂ ನಾನು ‘ಸಂಕವ್ವೆ’ ಎಂದಷ್ಟೇ ಹೇಳಿ ಪುಟ ತಿರುವಿದವನು. ಆಕೆಯ ಅಂಕಿತವೇ ‘ನಿರ್ಲಜ್ಜೇಶ್ವರ’, ಲಜ್ಜೆಯೆಲ್ಲ ನನ್ನದು.

ಇದನ್ನೆಲ್ಲ ನಾನು ಏರಿಯ ಮೇಲೆ ಸ್ವಲ್ಪ ಭಾಷಣದ ಧಾಟಿಯಲ್ಲಿಯೇ ಹೇಳಿದೆನೆಂದು ತೋರುತ್ತದೆ. ಅರ್ಥಶಾಸ್ತ್ರದ ಮಿತ್ರರು ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೇಳಿದರು: “ಕ್ರಯಪತ್ರದಲ್ಲಿ ಹೊಲದ ಹೆಸರನ್ನು ಬರೆಸಬಹುದೇ?” ಸರ್ವೆ ನಂಬರು, ಚೆಕ್ಕುಬಂದಿ, ವಿಸ್ತೀರ್ಣಗಳಿರುತ್ತವೆಯೆಂದು ಇತಿಹಾಸದವರು ಹೇಳಿದರು. “ಹೆಸರು?” “ಅದನ್ನು ಬರೆಸಿದರೂ ಕೊಂಡವನು ಕರೆಯಬೇಕಲ್ಲ.” ಮಿತ್ರರು ರೊಟ್ಟಿಯನ್ನು ಮುಗಿಸಲಿಲ್ಲ.

ಚನ್ನಗಿರಿಯ ದಾರಿಯಲ್ಲಿ ಚಕ್ರವೊಂದು ಸೋತಿತು. ಹೆಚ್ಚುವರಿ ಚಕ್ರವನ್ನು ಇಳಿಸಿ ನೋಡಿದರೆ ಅದು ನಮಗಿಂತ ಮೊದಲೇ ನಿಟ್ಟುಸಿರು ಬಿಟ್ಟಿತ್ತು. ಕರಾರಿನಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದಿದ್ದ ಮಹನೀಯರನ್ನು ಗಣಿತದವರು ಯಾವ ಸೂತ್ರಕ್ಕೂ ಸಿಕ್ಕದ ಭಾಷೆಯಲ್ಲಿ ಸ್ಮರಿಸಿದರು. ಪಕ್ಕದ ಕಣದಲ್ಲಿ ಅಡಿಕೆ ಬೇಯಿಸುತ್ತಿದ್ದ ಜನ ಚಕ್ರವನ್ನು ತಮ್ಮ ಬೈಕಿನ ಮೇಲೆ ಊರಿಗೆ ಒಯ್ದು ಸರಿಮಾಡಿಸಿ ತಂದುಕೊಟ್ಟರು. ಆ ಎರಡು ಗಂಟೆ ನಾವು ಹಂಡೆಯ ಬದಿಯಲ್ಲಿ ಕುಳಿತು ಚೊಗರಿನ ಕಂಪನ್ನು ಕುಡಿದೆವು. ಸುಲಿದ ಹಸಿಯಡಿಕೆ ಕೆಂಪಾಗುವುದನ್ನು ನಾನು ಕಂಡದ್ದು ಅಂದೇ. ಸುತ್ತಲೂ ಹೊಸ ತೋಟಗಳು. ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆಗೆ ತಿರುಗುತ್ತಿವೆಯೆಂದು ಹಿರಿಯರೊಬ್ಬರು ಹೇಳಿದರು. ಕೆಳದಿಯ ಚೆನ್ನಮ್ಮಾಜಿಯಿಂದ ಹೆಸರು ಪಡೆದುದೆಂದು ಹೇಳುವ ಚನ್ನಗಿರಿಯ ಕೋಟೆಯನ್ನೂ ಬೆಟ್ಟದ ರಂಗನಾಥನನ್ನೂ ಕೆಳಗಿನಿಂದಲೇ ನಮಸ್ಕರಿಸಿ ಮುಂದೆ ನಡೆದೆವು.

ಹೊನ್ನಾಳಿಯ ಸೇತುವೆಯನ್ನು ದಾಟಿದಾಗ ಸೂರ್ಯ ಮುಳುಗಿದ್ದ. ರಾಯರ ಮಠದಲ್ಲಿ ಒಂದು ಗಳಿಗೆ ಕುಳಿತು ನ್ಯಾಮತಿಗೆ ಹೋದೆವು. ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದಲ್ಲಿ ಬೆಟ್ಟದೊಳಗಿಂದ ನೀರು ಸದಾ ಜಿನುಗುತ್ತದೆ. ಆ ತೀರ್ಥವನ್ನು ತರಬೇಕೆಂದು ಅರ್ಥಶಾಸ್ತ್ರದವರ ತಾಯಿ ಬೆಳಿಗ್ಗೆಯೇ ಒಂದು ಬಾಟಲಿ ಕೊಟ್ಟಿದ್ದರು. ಚಹದಂಗಡಿಯವನು, “ಈ ಹೊತ್ತಿನಲ್ಲಿ ಬಾಗಿಲು ಹಾಕಿರುತ್ತಾರೆ ಸ್ವಾಮಿ” ಎಂದ. ಚಹ ಕುಡಿಯುತ್ತಿರುವಾಗ ಮಿತ್ರರ ಮೊಬೈಲು ಮೊಳಗಿತು. ಕೊಳ್ಳುವವನು. ಅವರು ಎದ್ದು ರಸ್ತೆಯ ಆಚೆಗೆ ಹೋಗಿ ಮಾತಾಡಿ ಬಂದರು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಹಿಂದಿರುಗುವಾಗ ಹೊನ್ನಾಳಿಯಲ್ಲಿ ಕಾರನ್ನು ನಿಲ್ಲಿಸಹೇಳಿ, ಮೊಬೈಲಿನ ಬೆಳಕಿನಲ್ಲಿ ಹೊಳೆಗೆ ಇಳಿದು ಆ ಬಾಟಲಿಯನ್ನು ತುಂಬಿಸಿಕೊಂಡು ಬಂದರು.

ಅವರ ಮನೆಯ ಮುಂದೆ ನಿಂತಾಗ ಗಂಟೆ ಒಂಬತ್ತೂವರೆ. ತಾಯಿ ಜಗಲಿಯಲ್ಲಿಯೇ ಇದ್ದರು. “ತೀರ್ಥವಲ್ಲ ಅವ್ವಾ, ಹೊಳೆಯ ನೀರು” ಎಂದು ಮಗ ಹೇಳಿದಾಗ, “ನಮ್ಮ ಊರ ಕೆರೆಗೆ ಬರುವುದೂ ಇದೇ ಅಲ್ಲವೇನಪ್ಪ?” ಎಂದು ಬಾಟಲಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ, “ಅವನಿಗೆ ಏನಂದೆ?” ಎಂದರು.

“ದೀಪಾವಳಿ ಕಳೆಯಲಿ ಎಂದೆ.”

ಆಕೆ ನೀರಿನಲ್ಲಿ ಅರ್ಧವನ್ನು ತುಳಸಿಗೆ ಹಾಕಿ, ಉಳಿದುದನ್ನು ಒಳಗೆ ಒಯ್ದರು. ಗಣಿತದವರು ಹಾರನ್ ಒತ್ತಿದರು. ಕಾರಿನ ಕರಾರು ಅರ್ಧ ಗಂಟೆ ಮೀರಿತ್ತು.