ನಿಟ್ಟುವಳ್ಳಿಯ ಹಿಂದಿನ ಮನೆ

ದಾವಣಗೆರೆಗೆ ಬಂದಿಳಿದರೆ ನನ್ನ ಮೊದಲ ಕೆಲಸ ಬೆಣ್ಣೆದೋಸೆ. ಈ ಸಲ ಮಾತ್ರ ಸೀದಾ ನಿಟ್ಟುವಳ್ಳಿಗೆ ಆಟೊ ಹಿಡಿದೆ. "ಹಿಂದಿನ ಮನೆ ಬಾಡಿಗೆ ಕೇಳಕ್ಕೆ ಒಬ್ರು ಬಂದಾರೆ. ಜೈಲಿನಿಂದ ಬಂದೋರು. ನೀನೇ ಬಂದು ಮಾತಾಡು" ಅಂತ ಅಪ್ಪ ಫೋನ್ ಮಾಡಿದ್ದರು.

ಒಂದು ಕಾಲಕ್ಕೆ ದಾವಣಗೆರೆ ಅಂದ್ರೆ ಕರ್ನಾಟಕದ ಮ್ಯಾಂಚೆಸ್ಟರ್. ಹತ್ತಿ ಗಿರಣಿಗಳ ಕೆಲಸಕ್ಕೆ ಊರೂರಿಂದ ಜನ ಬಂದರು. ನಮ್ಮಜ್ಜನೂ ಹಾಗೆ ಬಂದವರೇ. ಗುರುತು ಪರಿಚಯ ಇಲ್ಲದ ಅವರಿಗೆ ಯಾರೋ ಒಂದು ರೂಮು ಕೊಟ್ಟಿದ್ದಕ್ಕೇ ನಾವು ಈ ಊರಿನವರಾದದ್ದು.

ಆತ ಸಂಜೆ ಬಂದರು. ಹರಿಹರದ ವರ್ಕ್‌ಶಾಪೊಂದರಲ್ಲಿ ವೆಲ್ಡಿಂಗ್ ಕೆಲಸ. ಅವ್ವ ಮಂಡಕ್ಕಿ, ಮೆಣಸಿನಕಾಯಿ ತಂದಿಟ್ಟರೂ ಮುಟ್ಟಲಿಲ್ಲ. "ಎರಡು ಕಡೆ ಅಡ್ವಾನ್ಸ್ ವಾಪಸ್ ಕೊಟ್ರು ಸರ್. ಸುಳ್ಳು ಹೇಳಿ ಸೇರ್ಕೋಬಹುದು. ಆಮೇಲೆ ಗೊತ್ತಾದ್ರೆ ಸಾಮಾನು ಬೀದಿಗೆ. ಅದಕ್ಕೇ ಮೊದಲೇ ಹೇಳ್ತಿದ್ದೀನಿ." ಯೋಚಿಸಿ ಹೇಳ್ತೀವಿ ಅಂತ ಕಳಿಸಿದೆವು.

ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಕಥೆ ಸಿಕ್ಕಿತು. 1981ರಲ್ಲಿ ಕೇರಳದಲ್ಲಿ ಇಬ್ಬರು ಸೆಮಿನರಿ ವಿದ್ಯಾರ್ಥಿಗಳು, ಫ್ರಾನ್ಸಿಸ್ ಕೊಡಿಯನ್ ಮತ್ತು ವರ್ಗೀಸ್ ಕರಿಪ್ಪೇರಿ, ಇದನ್ನು ಶುರು ಮಾಡಿದರು. ಕೈದಿಗಳನ್ನು ಕಂಡು ಮಾತಾಡಿಸುವುದಷ್ಟೇ ಸಾಲಲಿಲ್ಲ. ಬಿಡುಗಡೆಯಾದವರಿಗೆ ತಲೆ ಮೇಲೊಂದು ಸೂರು ಬೇಕಿತ್ತು. 1991ರಲ್ಲಿ ತ್ರಿಶೂರು ಹತ್ತಿರದ ವೆಟ್ಟುಕಾಡಿನಲ್ಲಿ ಅಂಥವರಿಗಾಗಿಯೇ ಒಂದು ಮನೆ ತೆರೆದರು. ಈಗ ಸಂಸ್ಥೆಯ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ದೇಶದ ಎಷ್ಟೋ ಜೈಲುಗಳಿಗೆ ಸ್ವಯಂಸೇವಕರು ಹೋಗಿಬರುತ್ತಾರೆ. ಅಷ್ಟು ಬೆಳೆದ ಸಂಸ್ಥೆಯೂ ಎಲ್ಲರನ್ನೂ ತನ್ನಲ್ಲೇ ಇಟ್ಟುಕೊಳ್ಳೋಕಾಗಲ್ಲ. ಕೊನೆಗೆ ಯಾವುದೋ ಓಣಿಯಲ್ಲಿ ಯಾರೋ ಒಬ್ಬರು ಬೀಗದಕೈ ಕೊಡಲೇಬೇಕು.

ಬೆಳಗ್ಗೆ ಅವ್ವನನ್ನು ಕೇಳಿದೆ. "ನನಗೂ ಹೆದರಿಕೆ ಐತಪ್ಪ. ಆದ್ರೆ ನಿಜ ಹೇಳಿದ್ದಕ್ಕೇ ಮನೆ ಇಲ್ಲ ಅಂದ್ರೆ ಹೆಂಗೆ?" ಅಂದರು. ಅಪ್ಪ ಹನ್ನೊಂದು ತಿಂಗಳ ಕರಾರು ಬರೆಸಿದರು, ಎಲ್ಲ ಬಾಡಿಗೆದಾರರಿಗೂ ಬರೆಸುವ ಹಾಗೆ. ಅಡ್ವಾನ್ಸೂ ಅಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ.

ಬೀಗದಕೈ ಕೊಟ್ಟಾಗ ಆತ ಕೇಳಿದ್ದು ಒಂದೇ: "ಈ ಅಡ್ರೆಸ್ಸು ಆಧಾರ್‌ಗೆ ಹಾಕಿಸ್ಕೋಬಹುದಾ ಸರ್?"

ಹಾಕಿಸ್ಕೊಳ್ರಿ ಅಂದೆ.